ಫೋನು ಮನೆಗೆ ಬಂದ ಮೇಲೆ ಪಾಠ

ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಜುಲೈ 20ರಂದು, ದೂರದರ್ಶನದ ಚಂದನದಲ್ಲಿ 8, 9 ಮತ್ತು 10ನೇ ತರಗತಿಯವರಿಗೆ ‘ಸಂವೇದ’ ಪಾಠ ಶುರುವಾಯಿತು. ತುಂಗಭದ್ರಾ ಕಾಲುವೆ ನೀರು ನಂಬಿದ ಸಿರುಗುಪ್ಪದ ಬಯಲಿನಲ್ಲಿ ಅದು ಭತ್ತದ ನಾಟಿಗೆ ಗದ್ದೆ ಹದ ಮಾಡುವ ಕಾಲ. ಕೂಲಿ ಮಾಡುವವರ ಮನೆಯಲ್ಲಿ ಫೋನು ಒಂದೇ. ಬೆಳಿಗ್ಗೆ ಅದು ಅಪ್ಪನ ಜೇಬು ಸೇರಿ ಗದ್ದೆಗೆ ಹೋಗುತ್ತದೆ. ಹನ್ನೊಂದು ಗಂಟೆಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದ ಹೋಂವರ್ಕ್ ಮಗುವಿನ ಕಣ್ಣಿಗೆ ಬೀಳುವುದು ರಾತ್ರಿ ಉಂಡ ಮೇಲೆ. ಅಷ್ಟೊತ್ತಿಗೆ ಚಾರ್ಜೂ ಇಲ್ಲ, ಅವತ್ತಿನ ಡೇಟಾವೂ ಮುಗಿದಿದೆ.

ಚಿಕ್ಕ ಮಕ್ಕಳ ಆನ್‌ಲೈನ್ ತರಗತಿ ನಿಲ್ಲಿಸಿದ ಸರ್ಕಾರದ ಆದೇಶಗಳಿಗೆ ಹೈಕೋರ್ಟ್ ತಡೆ ಕೊಟ್ಟಿದ್ದೂ ಅದೇ ಜುಲೈನಲ್ಲಿ. ಆನ್‌ಲೈನ್ ಪಾಠ ಬೇಕೋ ಬೇಡವೋ ಎಂಬ ಆ ಚರ್ಚೆಯಲ್ಲಿ, ಫೋನೇ ಇಲ್ಲದ ಮಗುವಿನ ಮಾತು ಬಂದಿದ್ದು ಕಡಿಮೆ.

ಆ ಮಗುವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದು ಆಗಸ್ಟ್‌ನಲ್ಲಿ ಬಂದ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ. ಇಂಟರ್ನೆಟ್ ಇರುವ ಫೋನಿನವರು, ಬರೀ ಕೀಪ್ಯಾಡ್ ಫೋನಿನವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುರುತಿಸಿ, ಶಿಕ್ಷಕರೇ ಓಣಿಗೆ ಹೋಗಿ ಗುಡಿಕಟ್ಟೆಯಲ್ಲೋ ಮರದ ನೆರಳಲ್ಲೋ ಕಲಿಸಿದರು. ಜನ ಅದನ್ನು ವಠಾರ ಶಾಲೆ ಎಂದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿ 1ಕ್ಕೆ ಮತ್ತೆ ಆರಂಭವಾಯಿತು. ಅಪಾಯವಿತ್ತು, ನಿಜ. ಆದರೂ ಆ ವರ್ಷದ ಸರ್ಕಾರಿ ಪ್ರಯತ್ನಗಳಲ್ಲಿ ಮಕ್ಕಳ ಮನೆಯ ಸ್ಥಿತಿ ನೋಡಿ ಹೊರಟಿದ್ದು ಇದೇ ಎಂದು ನನ್ನ ನಂಬಿಕೆ.

ಮನೆಯ ಸ್ಥಿತಿ ಎಲ್ಲ ಕಡೆ ಒಂದೇ ತರಹ ಇಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಒಂದೇ ಕೋಣೆಯ ಮನೆಯಲ್ಲಿ ಮಷೀನಿನ ಸದ್ದಿನ ನಡುವೆ ಲೈವ್ ಪಾಠ ಕೇಳಿಸುವುದಾದರೂ ಹೇಗೆ? ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುವ ಸುಗ್ಗಿ ಬಂದರೆ ತಾಯಿಯ ಜೊತೆ ಫೋನೂ ಹೊಲದಲ್ಲಿ. ಆಂಧ್ರದ ಗಡಿಯ ಊರುಗಳಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಆಡುವುದು ತೆಲುಗು. ಟೀಚರ್ ಎದುರಿಗಿದ್ದರೆ ಮುಖ ನೋಡಿ ಇನ್ನೊಮ್ಮೆ ಹೇಳುತ್ತಾರೆ, ಟಿವಿ ಹೇಳುವುದಿಲ್ಲ.

ಇಂಥ ಮನೆಗೆ ನಲವತ್ತು ನಿಮಿಷದ ವಿಡಿಯೊಗಿಂತ ಮೂರು ನಿಮಿಷದ ವಾಯ್ಸ್ ಮೆಸೇಜ್ ಮೇಲು. ಡೇಟಾ ಕಡಿಮೆ ಸಾಕು, ಬೇಕಾದಷ್ಟು ಸಲ ಕೇಳಬಹುದು, ಧ್ವನಿ ತಮ್ಮ ಟೀಚರದೇ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಆ್ಯಪ್‌ನಲ್ಲಿ ತೆರೆಯುವ ಪಾಠವನ್ನು ನೆಟ್‌ವರ್ಕ್ ಇದ್ದಾಗ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು. ಕೀಪ್ಯಾಡ್ ಫೋನಿನವರಿಗೆ ಸಂಜೆ ಏಳರ ಮೇಲೆ ಒಂದು ಕರೆ ಮಾಡಿ ಮಗುವಿನ ಕೈಯಲ್ಲಿ ಪಾಠ ಓದಿಸಬಹುದು.

ಶಾಲೆ ಮುಚ್ಚಲು ಕೊರೊನಾವೇ ಬರಬೇಕಿಲ್ಲ. 2009ರ ನೆರೆಯನ್ನು ಸಿರುಗುಪ್ಪದವರು ಮರೆತಿಲ್ಲ. ಪ್ರತಿ ಜೂನ್‌ನಲ್ಲಿ ದಾಖಲಾತಿ ಮಾಡುವಾಗಲೇ ಪ್ರತಿ ಮಗುವಿನ ಹೆಸರಿನ ಮುಂದೆ ಮೂರು ಸಂಗತಿ ಬರೆದಿಡಲಿ: ಮನೆಯಲ್ಲಿರುವುದು ಎಂಥ ಫೋನು, ಅದು ಯಾರ ಕೈಯಲ್ಲಿರುತ್ತದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತದೆ. ಫೋನೇ ಇಲ್ಲದ ಮಕ್ಕಳಿಗೆ ಯಾವ ಶಿಕ್ಷಕರು ಯಾವ ಓಣಿಗೆ ಹೋಗಬೇಕೆಂಬುದೂ ಆಗಲೇ ಗೊತ್ತಿರಲಿ.