ಯಾತ್ರೆಯಲ್ಲಿ ಹೊಟ್ಟೆಯ ಎಚ್ಚರ

ಈಜಿಪ್ಟ್ ಮಾರ್ಗವಾಗಿ ಪವಿತ್ರ ನಾಡಿಗೆ ಯಾತ್ರೆ ಹೊರಡುವ ನಾವು ಬಾಟಲಿ ನೀರನ್ನು ಮರೆಯುವುದಿಲ್ಲ. ಮರೆಯುವುದು ಐಸನ್ನು! ಕೈರೋದ ಬಿಸಿಲಿನಲ್ಲಿ ಕೊಡುವ ಶರಬತ್ತಿನ ಐಸ್ ನಲ್ಲಿಯ ನೀರಿನದ್ದಾಗಿರಬಹುದು; ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ. ಹಸಿ ಸೌತೆ, ಟೊಮೆಟೊ ತೊಳೆಯುವುದೂ ಅದೇ ನೀರಿನಲ್ಲಿ. ಹಲ್ಲುಜ್ಜಲೂ ಬಾಟಲಿ ನೀರೇ ಇರಲಿ. ಬಿಸಿಬಿಸಿ ಬೇಯಿಸಿದ್ದನ್ನು ಉಣ್ಣೋಣ, ಹಣ್ಣನ್ನು ನಾವೇ ಸುಲಿಯೋಣ.

ಆದರೂ ಭೇದಿಯಾದರೆ? ಸಂಕೋಚದಿಂದ ಮುಚ್ಚಿಡುವ ಹಿರಿಯರು ನಮ್ಮಲ್ಲಿದ್ದಾರೆ. ಬಸ್ಸಿನಲ್ಲಿ ತೊಂದರೆಯಾದೀತೆಂದು ನೀರನ್ನೇ ಬಿಡುತ್ತಾರೆ. ದೇಹ ಒಣಗುವುದೇ ದೊಡ್ಡ ಅಪಾಯ. ಓಆರ್‌ಎಸ್ ಪೊಟ್ಟಣ ಕೈಚೀಲದಲ್ಲಿರಲಿ. ಇಲ್ಲವಾದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸೋಣ. ಜ್ವರ ಬಂದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗೋಣ, ಸೀನಾಯ್ ಬೆಟ್ಟ ಹತ್ತುವುದು ತಪ್ಪಿದರೂ ಸರಿಯೇ.