ತಕ್ಕಡಿಯ ಎರಡು ತೋಳುಗಳು

ಅಂಗಡಿಯಲ್ಲಿ ಬೇಳೆಯನ್ನೋ ಹಣ್ಣನ್ನೋ ಕೊಳ್ಳುವಾಗ, ಬರಿದಾದ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತುದನ್ನು ಕಂಡು ನಾವೆಲ್ಲರೂ ತೃಪ್ತರಾಗುವೆವು. ಅಷ್ಟರಿಂದಲೇ ಆ ತಕ್ಕಡಿಯನ್ನು ನಂಬಬಹುದೇ? ನಂಬಲಾಗದೆಂಬುದನ್ನು ನಾವು ಕಮಲಾಪುರದ ಒಂದು ಮನೆಯಲ್ಲಿ ಕಲಿತೆವು.

ಕಲಬುರಗಿ ನಗರದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಅಲ್ಲಿಯ ಕೆಂಪು ಬಾಳೆಯು ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದ ಹಣ್ಣು. ಸಾಮಾನ್ಯ ಬಾಳೆಗಿಂತ ಅದರ ಬೆಲೆ ಹೆಚ್ಚು. ಆದುದರಿಂದ ತೂಕದಲ್ಲಿ ತಪ್ಪಿದರೆ ಬೆಳೆದವರ ನಷ್ಟವೂ ಹೆಚ್ಚು. ನಾವು ಹೋದ ದಿನ ಆ ಮನೆಯ ಹಿರಿಯಳು ಬಹಳ ನೊಂದಿದ್ದಳು. “ಮನ್ಯಾಗ ತೂಗಿದ್ರ ಇಪ್ಪತ್ತು ಕಿಲೋ, ಪ್ಯಾಟ್ಯಾಗ ತೂಗಿದ್ರ ಹತ್ತೊಂಬತ್ತು! ನಡುವಿನ ಒಂದು ಕಿಲೋ ಯಾರು ತಿಂದಾರ್ರಿ?” ಎಂದು ಆಕೆ ನಮ್ಮನ್ನೇ ಕೇಳಿದಳು. ಗೊನೆಯನ್ನು ಹೊತ್ತೊಯ್ದ ಮಗನ ಮೇಲೆಯೇ ಮನೆಯವರಿಗೆ ಸಂಶಯ ಹುಟ್ಟಿದ್ದಿತು. ಪಾಪ, ಆ ಹುಡುಗನು ತಲೆ ತಗ್ಗಿಸಿ ಮೂಲೆಯಲ್ಲಿ ಕುಳಿತಿದ್ದನು.

ಇದರ ಮರ್ಮವನ್ನು ತಿಳಿಯಬೇಕಾದರೆ ಮೊದಲು ಬೀಸುವ ಕಲ್ಲನ್ನು ನೆನೆಯಬೇಕು. ಕಲಬುರಗಿಯು ತೊಗರಿಯ ನಾಡು. ಅಲ್ಲಿಯ ತೊಗರಿ ಬೇಳೆಗೂ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ತೊಗರಿಯನ್ನು ಒಡೆಯುವ ಕಲ್ಲಿಗೆ ಹಿಡಿಗೂಟವನ್ನು ಅಂಚಿನಲ್ಲಿ ನೆಡುವರೇ ಹೊರತು ನಡುವಿನ ಗೂಟದ ಬಳಿಯಲ್ಲಿ ನೆಡುವುದಿಲ್ಲ. ನಡುವಿನಿಂದ ದೂರ ಹೋದಷ್ಟೂ ಅದೇ ಕೈಬಲವು ಕಲ್ಲನ್ನು ಹೆಚ್ಚು ಸುಲಭವಾಗಿ ತಿರುಗಿಸುವುದು. ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ತಳ್ಳಿ ನೋಡಿದರೂ ಈ ಮಾತು ಮನದಟ್ಟಾಗುವುದು. ತಿರುಗಿಸುವ ಶಕ್ತಿಯು ಬಲವೊಂದರಿಂದಲೇ ಆಗುವುದಲ್ಲ. ಬಲವನ್ನು ಆಧಾರಬಿಂದುವಿನಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಬರುವುದೇ ಅದರ ಅಳತೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಪಂಡಿತ ಆರ್ಕಿಮಿಡೀಸನು ಸನ್ನೆಗೋಲಿನ ಈ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದನು.

ತಕ್ಕಡಿಯೂ ಒಂದು ಸನ್ನೆಯೇ. ನಡುವೆ ಆಧಾರ, ಎರಡು ಕಡೆಗೂ ಎರಡು ತೋಳುಗಳು. ತೋಳುಗಳು ಸಮವಾಗಿದ್ದರೆ ಮಾತ್ರ ಸಮತೂಕಗಳು ಸಮವಾಗಿ ನಿಲ್ಲುವುವು. ಒಂದು ತೋಳು 20 ಅಂಗುಲ, ಇನ್ನೊಂದು 19 ಅಂಗುಲ ಇದೆಯೆಂದು ಎಣಿಸಿರಿ. ಚಿಕ್ಕ ತೋಳಿನ ತಟ್ಟೆಯಲ್ಲಿ 20 ಕಿಲೋ ಹಣ್ಣನ್ನಿಟ್ಟರೆ ಅದರ ತಿರುಗುಬಲವು 20 × 19, ಅಂದರೆ 380. ಎದುರಿನ ಉದ್ದ ತೋಳಿನಲ್ಲಿ 19 ಕಿಲೋ ಕಲ್ಲನ್ನಿಟ್ಟರೂ 19 × 20, ಅದೇ 380! ಮುಳ್ಳು ನೆಟ್ಟಗೆ ನಿಲ್ಲುವುದು. ಒಂದು ಕಿಲೋ ಹಣ್ಣು ಕಣ್ಣೆದುರಿಗೇ ಮಾಯವಾಗುವುದು.

ಹಾಗಾದರೆ ಬರಿಯ ತಕ್ಕಡಿಯೇ ವಾಲಬೇಕಲ್ಲವೇ ಎಂದು ಕೆಲವರು ಕೇಳಬಹುದು. ವಾಲಲೇಬೇಕೆಂದಿಲ್ಲ. ಚಿಕ್ಕ ತೋಳಿನ ತಟ್ಟೆಯನ್ನು ಸ್ವಲ್ಪ ಭಾರವಾಗಿ ಮಾಡಿದರೆ ಬರಿದಾಗಿರುವಾಗ ದಂಡವು ಸಮನಾಗಿಯೇ ನಿಲ್ಲುವುದು. ಆದುದರಿಂದಲೇ ಬರಿಯ ತಕ್ಕಡಿಯ ಮುಳ್ಳನ್ನು ನೋಡಿ ಮೋಸಹೋಗಬಾರದೆಂದು ನಾವು ಹೇಳುವುದು.

ಪರೀಕ್ಷೆಯು ಬಹು ಸುಲಭ. ತೂಗಿದ ಮೇಲೆ ಹಣ್ಣನ್ನೂ ಕಲ್ಲನ್ನೂ ತಟ್ಟೆಯಿಂದ ತಟ್ಟೆಗೆ ಅದಲುಬದಲು ಮಾಡಿರಿ. ಒಳ್ಳೆಯ ತಕ್ಕಡಿಯು ಆಗಲೂ ಸಮವಾಗಿ ನಿಲ್ಲುವುದು. ಕೆಟ್ಟುದು ತಟ್ಟನೆ ವಾಲುವುದು. ಕೆಟ್ಟ ತಕ್ಕಡಿಯಿಂದಲೂ ನಿಜವಾದ ತೂಕವನ್ನು ಪಡೆಯಲು ಒಂದು ಉಪಾಯವುಂಟು. ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು, ಎದುರಿನ ತಟ್ಟೆಗೆ ಮರಳನ್ನು ಸುರಿದು ಸಮಮಾಡಿರಿ. ಬಳಿಕ ಮರಳನ್ನು ಮುಟ್ಟದೆ ವಸ್ತುವನ್ನು ತೆಗೆದು, ಅದೇ ತಟ್ಟೆಯಲ್ಲಿ ಮತ್ತೆ ಸಮವಾಗುವವರೆಗೆ ತೂಕದ ಕಲ್ಲುಗಳನ್ನಿಡಿರಿ. ವಸ್ತುವೂ ಕಲ್ಲುಗಳೂ ಒಂದೇ ತೋಳಿನಲ್ಲಿ ಕುಳಿತುದರಿಂದ ತೋಳುಗಳ ಹೆಚ್ಚು ಕಡಿಮೆಯು ಲೆಕ್ಕಕ್ಕೇ ಬಾರದು. ಹದಿನೆಂಟನೆಯ ಶತಮಾನದ ಫ್ರೆಂಚ್ ವಿದ್ವಾಂಸ ಬೋರ್ಡಾನ ಹೆಸರಿನಿಂದ ಈ ಕ್ರಮವನ್ನು ಕರೆಯುವರು.

ನಾವು ಮೊದಲು ಮನೆಯ ತಕ್ಕಡಿಯನ್ನೇ ಅದಲುಬದಲು ಮಾಡಿ ಪರೀಕ್ಷಿಸಿದೆವು. ಎರಡು ಸಲವೂ ತೂಕ ಒಂದೇ ಬಂದಿತು. ಮಾರನೆಯ ದಿನ ಮತ್ತೆ 20 ಕಿಲೋ ಹಣ್ಣನ್ನು ತೂಗಿಕೊಂಡು, ಆ ಹುಡುಗನೊಂದಿಗೆ ನಗರದ ಪೇಟೆಗೆ ಹೋದೆವು. ಮೊದಲು ಹತ್ತೊಂಬತ್ತೇ ಬಂದಿತು. ತಟ್ಟೆಗಳನ್ನು ಬದಲಿಸಿ ತೂಗಿರೆಂದು ವಿನಯದಿಂದ ಕೇಳಿದೆವು. ಈ ಸಲ ಇಪ್ಪತ್ತೊಂದಕ್ಕೂ ತುಸು ಮೀರಿತು! ವರ್ತಕನು ಮಾತಾಡದೆ ಇಪ್ಪತ್ತು ಕಿಲೋವಿನ ಹಣವನ್ನು ಎಣಿಸಿ ಕೊಟ್ಟನು. ಅವನು ತಿಳಿದು ಮಾಡಿದನೋ, ದಂಡವು ಬಾಗಿ ಹಾಗಾಗಿತ್ತೋ ನಾವು ಹೇಳಲಾರೆವು. ತಕ್ಕಡಿಯು ತೋಳಿನ ದೋಷವನ್ನು ತೋರಿಸೀತು, ಮನಸ್ಸಿನ ದೋಷವನ್ನು ತೋರಿಸದು.

ಈಗ ವಿದ್ಯುತ್ತಿನ ತೂಕದ ಯಂತ್ರಗಳು ಬಂದಿವೆ. ಆದರೂ ಸಂತೆಗಳಲ್ಲಿ ಕೈತಕ್ಕಡಿಯು ಇನ್ನೂ ಮರೆಯಾಗಿಲ್ಲ. ಯಾವುದರಲ್ಲಿ ತೂಗಿದರೂ ಸರಕಾರದ ಮುದ್ರೆಯುಂಟೋ ಎಂದು ನೋಡುವುದು ಗೃಹಸ್ಥರಾದವರ ಹಕ್ಕು. ತಟ್ಟೆ ಬದಲಿಸಿ ತೂಗಿರೆಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಆ ಸಂಜೆ ಕಮಲಾಪುರಕ್ಕೆ ಮರಳಿದಾಗ ಹಿರಿಯಳು ಹಣವನ್ನು ಎಣಿಸಲಿಲ್ಲ. ಮಗನ ತಲೆಯ ಮೇಲೆ ಕೈಯಿಟ್ಟು, “ಬಾರೋ ಅಪ್ಪಾ, ಮೊದಲು ಊಟ ಮಾಡು” ಎಂದಳು. ನಡುವಿನ ಆ ಒಂದು ಕಿಲೋವಿಗಿಂತ ಹೆಚ್ಚಿನದೊಂದು ಆ ಮನೆಗೆ ಮರಳಿ ಬಂದಿದ್ದಿತು.