ಮುದಿಪ್ರಾಯದ ಪ್ರಣಯವೂ ಸಗರನಾಡಿನ ನಾಟಕವೂ

ಕೃಷ್ಣಾ ಭೀಮೆಯರ ನೀರುಂಡು ಬೆಳೆದ ಸಗರನಾಡಿನಲ್ಲಿ, ಸುಗ್ಗಿ ತೀರಿ ಜಾತ್ರೆಗಳ ಕಾಲ ಬಂದಿತೆಂದರೆ, ಶಹಾಪುರ, ಸುರಪುರ, ಯಾದಗಿರಿಗಳ ಸುತ್ತಣ ಹಳ್ಳಿಗಳಿಗೆ ತೇರಿನಷ್ಟೇ ಅಗತ್ಯವಾದ ಇನ್ನೊಂದು ಸಂಭ್ರಮವೆಂದರೆ ನಾಟಕ. ಹಗಲೆಲ್ಲ ಹೊಲದಲ್ಲಿ ದಣಿದ ಜನರು ರಾತ್ರಿ ಗುಡಿಯ ಕಟ್ಟೆಯ ಮೇಲೋ ಶಾಲೆಯ ಪಡಸಾಲೆಯಲ್ಲಿಯೋ ಕೂಡಿ, ಪೇಟಿ ಮಾಸ್ತರನೊಬ್ಬನನ್ನು ಕರೆಯಿಸಿ ತಿಂಗಳೊಪ್ಪತ್ತು ತಾಲೀಮು ನಡೆಯಿಸಿ, ಸ್ಟೇಜನ್ನೂ ಸೀನುಗಳನ್ನೂ ಬಾಡಿಗೆಗೆ ತಂದು, ಗದಗು ಬಾಗಲಕೋಟೆಗಳ ಕಡೆಯಿಂದ ವೃತ್ತಿನಟಿಯರನ್ನು ಬರಮಾಡಿಕೊಂಡು, ಊಟ ಮುಗಿದ ಮೇಲೆ ತೊಡಗಿ ಕೋಳಿ ಕೂಗುವವರೆಗೆ ಆಡುವ ಈ ಆಟಗಳಿಗೆ, ಹಿಂದೆ ದೊಡ್ಡಾಟವೂ ಸಣ್ಣಾಟವೂ ಹದಮಾಡಿದ ಪ್ರೇಕ್ಷಕ ವರ್ಗವೇ ಇಂದಿಗೂ ಆಧಾರವಾಗಿದೆ. ಕೆಂಭಾವಿಯ ಎಲ್.ಬಿ.ಕೆ. ಆಲ್ದಾಳರಂಥ ನಾಟಕಕಾರರು ಈ ಮಣ್ಣಿನಲ್ಲಿಯೇ ಕುಳಿತು ಬರೆದವರಾದುದರಿಂದ, ನಾಟಕವೆಂಬುದು ಇಲ್ಲಿ ಪಟ್ಟಣದಿಂದ ಆಮದಾದ ವಸ್ತುವೆಂದು ಭಾವಿಸುವುದು ಅಜ್ಞಾನವೇ ಸರಿ.

ಇಂಥ ರಂಗದ ಮೇಲೆ, ಇಳಿವಯಸ್ಸಿನ ಇಬ್ಬರ ಅನುರಾಗವನ್ನು ಕುರಿತು, ನಗೆಯೂ ಕಹಿಯೂ ಒಂದೇ ಗುಟುಕಿನಲ್ಲಿ ಇಳಿಯುವಂಥ ಹೊಸ ನಾಟಕವೊಂದನ್ನು ಆಡಿಸಹೊರಟವನು ಎದುರಿಸಬೇಕಾದ ಮೊದಲನೆಯ ಪ್ರತಿಸ್ಪರ್ಧಿ ಒಂದು ಹಳೆಯ ನಾಟಕವೇ ಆಗಿದೆ. ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಮುದುಕನ ಮದುವೆ’ಯನ್ನು ಕಾಣದ ಜಾತ್ರೆ ಉತ್ತರ ಕರ್ನಾಟಕದಲ್ಲಿ ವಿರಳ. ಹಲ್ಲುದುರಿದ ವರನನ್ನು ಕಂಡೊಡನೆ ಹೊಟ್ಟೆ ಹುಣ್ಣಾಗುವಂತೆ ನಗಬೇಕೆಂಬುದನ್ನು ಆ ನಾಟಕವು ಜನರಿಗೆ ಅಭ್ಯಾಸಮಾಡಿಸಿಬಿಟ್ಟಿದೆ. ಆ ನಗೆಯ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಮಾನ್ಯವಾದ, ಕರ್ಕಿಯ ವೆಂಕಟರಮಣಶಾಸ್ತ್ರಿ ಸೂರಿಯವರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವು 1887ರಲ್ಲಿಯೇ ಕನ್ಯಾವಿಕ್ರಯದ ಅನಿಷ್ಟವನ್ನು ಹಾಸ್ಯದ ಮೊನೆಯಿಂದ ಇರಿದಿತ್ತು. ಅಂದಿನ ಆ ನಗೆ ನ್ಯಾಯವಾದುದೇ; ಹಣವುಳ್ಳ ವೃದ್ಧನಿಗೆ ಎಳೆಯ ಬಾಲೆಯನ್ನು ಕಟ್ಟುವ ಕಾಲದಲ್ಲಿ ಮುದುಕನ ಆಸೆಯನ್ನು ಹಾಸ್ಯಕ್ಕೆ ಗುರಿಮಾಡದ ನಾಟಕಕಾರನು ಕರ್ತವ್ಯಭ್ರಷ್ಟನಾಗುತ್ತಿದ್ದನು. ಆದರೆ ಅರುವತ್ತೆಂಟರ ವಿಧುರನೊಬ್ಬನು ಅರುವತ್ತರ ವಿಧವೆಯೊಬ್ಬಳ ಕೈಯ ರೊಟ್ಟಿಯನ್ನು, ಅವಳ ಎರಡು ಮಾತುಗಳನ್ನು ಬಯಸಿದರೆ ಅದೇ ಹಳೆಯ ನಗೆಯನ್ನೇ ನಗತಕ್ಕದ್ದೇ? ಹೊಸ ನಾಟಕವು ಹುಟ್ಟಬೇಕಾದುದು ಈ ಸಂದಿಯಲ್ಲಿ.

ಇಲ್ಲಿಯ ಬಾಳೇ ಅದಕ್ಕೆ ಬೇಕಾದ ವಸ್ತುವನ್ನು ಧಾರಾಳವಾಗಿ ಒದಗಿಸಿದೆ. ಮಕ್ಕಳು ಸೊಸೆಯಂದಿರು ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ಮೊಮ್ಮಕ್ಕಳನ್ನೂ ಮನೆಯ ಕೀಲಿಯನ್ನೂ ಕಾಯುತ್ತ ಉಳಿದ ಮುದುಕ ಮುದುಕಿಯರು ಊರೂರಿಗೂ ಇದ್ದಾರೆ. ನಾರಾಯಣಪುರದ ಅಣೆಕಟ್ಟಿನ ಕಾಲುವೆ ಹರಿದಲ್ಲೆಲ್ಲ ಹೊಲದ ಬೆಲೆಯೊಡನೆ ಅಪ್ಪನ ಬಗೆಗಿನ ಮಕ್ಕಳ ಆಸ್ಥೆಯೂ ಏರಿದೆಯೆಂದರೆ ಅತಿಶಯೋಕ್ತಿಯಾಗಲಾರದು. ವಿಧವೆಗೆ ಸರಕಾರವು ಕೊಡುವ ವೇತನವು ಆಕೆ ಮರಳಿ ಮದುವೆಯಾದರೆ ನಿಂತುಹೋಗುತ್ತದೆ; ಹೀಗಾಗಿ ಪ್ರೀತಿಸಿದವರು ಧರ್ಮಕ್ಕೆ ಕಟ್ಟುಬಿದ್ದು ಮದುವೆಯಾದರೆ ತಿಂಗಳ ಹಣ ತಪ್ಪುವುದು, ಹಣವನ್ನು ಉಳಿಸಿಕೊಂಡರೆ ಊರ ಬಾಯಿಗೆ ಬೀಳುವುದು. ಇದಕ್ಕಿಂತ ಕಠೋರವಾದ ಹಾಸ್ಯವನ್ನು ಯಾವ ಕವಿಯೂ ಕಲ್ಪಿಸಬೇಕಾಗಿಲ್ಲ. ವಿಧವಾವಿವಾಹವು ಈ ಕಡೆಯ ಅನೇಕ ಸಮುದಾಯಗಳಲ್ಲಿ ನಿಷಿದ್ಧವೇನೂ ಆಗಿರಲಿಲ್ಲ. ಸೀರುಡಿಕೆಯೆಂಬ ಹೆಸರಿನಲ್ಲಿ, ರಾತ್ರಿಯ ಹೊತ್ತು, ಮುತ್ತೈದೆಯರು ಎದುರು ಬಾರದಂತೆ, ಹೊಸ ಸೀರೆಯುಡಿಸಿ ಕೂಡಿಸುವ ಪದ್ಧತಿ ಹಿಂದಿನಿಂದ ಇದ್ದಿತು. ಕತ್ತಲೆಯಲ್ಲಿ ಒಪ್ಪಿಕೊಂಡುದನ್ನು ಬೆಳಕಿನಲ್ಲಿ ನೋಡಲಾರದ ಸಮಾಜದ ಈ ದೃಶ್ಯವನ್ನು ಜಾತ್ರೆಯ ಝಗಝಗಿಸುವ ದೀಪಗಳ ಕೆಳಗೆ ತಂದು ನಿಲ್ಲಿಸುವುದೇ ಒಂದು ಸಾಹಸ.

ಪಾಶ್ಚಾತ್ಯರಲ್ಲಿ ನಗೆಯೂ ಕಹಿಯೂ ಬೆರೆತ ಈ ಜಾತಿಯ ನಾಟಕಕ್ಕೆ ಶ್ರೇಷ್ಠ ನಿದರ್ಶನವೆಂದರೆ ಸ್ವಿಟ್ಜರ್ಲೆಂಡಿನ ನಾಟಕಕಾರ ಡ್ಯುರೆನ್‌ಮಾಟ್ 1956ರಲ್ಲಿ ರಂಗಕ್ಕೆ ತಂದ, ಹಳೆಯ ಪ್ರಿಯಕರನ ಪ್ರಾಣವನ್ನು ಕೊಳ್ಳಲು ಕೋಟ್ಯಧೀಶ್ವರಿಯಾಗಿ ಹುಟ್ಟೂರಿಗೆ ಮರಳಿದ ವೃದ್ಧೆಯ ಕಥೆ. ಮೊದಲು ಅವಳ ಹಣವನ್ನು ಧಿಕ್ಕರಿಸಿದ ಊರಿನವರು ದಿನ ಕಳೆದಂತೆ ಸಾಲದ ಮೇಲೆ ಹೊಸ ಪಾದರಕ್ಷೆಗಳನ್ನು ತೊಟ್ಟು ತಿರುಗತೊಡಗುತ್ತಾರೆ; ಅವನ ಸಾವು ನಿಶ್ಚಿತವೆಂಬುದು ಆ ಪಾದರಕ್ಷೆಗಳಿಂದಲೇ ತಿಳಿಯುತ್ತದೆ. ನಮ್ಮಲ್ಲಿ ಪಾದರಕ್ಷೆಯ ಬದಲು ಹೊಲದ ಪಹಣಿಯ ನಕಲು ಸಾಕು.

ಇನ್ನು ಪ್ರಯೋಗದ ಮಾತು. ಊರ ನಾಟಕದ ರಂಗಮಂಚದಲ್ಲಿ ಮೈಕು ಮೇಲಿನಿಂದ ಹಗ್ಗಕ್ಕೆ ತೂಗುಬಿದ್ದಿರುತ್ತದೆ; ಪಾತ್ರಗಳು ಎಲ್ಲೆಲ್ಲಿ ಓಡಾಡಿದರೂ ಮಾತು ಬಂದಾಗ ಅದರ ಕೆಳಗೆ ಬಂದು ಮುಖವೆತ್ತಿ ನಿಲ್ಲಲೇಬೇಕು. ಪಟ್ಟಣದ ನಿರ್ದೇಶಕನು ಇದನ್ನು ದೋಷವೆಂದೆಣಿಸಿ ತೆಗೆಸಿಹಾಕುವನು. ನನಗಾದರೋ ಇದು ಈ ನಾಟಕಕ್ಕೆ ದೈವದತ್ತವಾದ ಸಲಕರಣೆಯಾಗಿ ತೋರುತ್ತದೆ. ಯಾರಿಗೂ ಕೇಳಿಸಬಾರದೆಂದು ಪಿಸುಗುಟ್ಟುವ ಇಬ್ಬರು ವೃದ್ಧರು, ತಮ್ಮ ಗುಟ್ಟನ್ನು ನಾಲ್ಕು ಧ್ವನಿವರ್ಧಕಗಳ ಮೂಲಕ ಇಡಿಯ ಊರಿಗೆ ಸಾರುವ ಮೈಕಿನ ಕೆಳಗೇ ಬಂದು ಪಿಸುಗುಟ್ಟಬೇಕಾದ ಅವಸ್ಥೆಯಲ್ಲಿ, ಹಳ್ಳಿಯ ಪ್ರೇಮದ ಸಮಗ್ರ ಸ್ಥಿತಿಯೇ ಅಡಗಿದೆ. ಆಯೇರಿಯ ಸಂಗತಿಯೂ ಹಾಗೆಯೇ. ದೃಶ್ಯದ ನಡುವೆ ಆಟ ನಿಲ್ಲಿಸಿ, ಕೊಟ್ಟವರ ಹೆಸರು ಕೂಗಿ, ನಟನ ಅಂಗಿಗೆ ನೋಟು ಚುಚ್ಚುವ ಈ ಪದ್ಧತಿಯನ್ನು ಬಲ್ಲ ನಾಟಕಕಾರನು, ತಂದೆಯನ್ನು ಹೊಲ ಬರೆದುಕೊಡೆಂದು ಕಾಡುವ ಮಗನಿಗೇ ‘ಪಿತೃಭಕ್ತ’ನೆಂದು ಆಯೇರಿ ಮಾಡಿಸುವಂತೆ ದೃಶ್ಯವನ್ನು ಹೆಣೆಯಬಲ್ಲನು, ಯಾವುದು ನಿಜವಾದ ಆಯೇರಿ, ಯಾವುದು ನಾಟಕದ್ದು ಎಂದು ಕೂತವರು ತಬ್ಬಿಬ್ಬಾಗಲಿ.

ಸಂಭಾಷಣೆಯು ನಾಟಕ ಕಂಪನಿಯ ಗ್ರಾಂಥಿಕ ಶೈಲಿಯಲ್ಲಿದ್ದರೆ ಎಲ್ಲವೂ ಕೆಟ್ಟಂತೆ. “ಯಪ್ಪಾ, ಈ ವಯಸ್ಸಿನ್ಯಾಗ ನಿನಗ ಏನ್ ಕಮ್ಮಿ ಆಗ್ಯಾದ?” ಎಂದು ಮಗ ಗದರಿಸಿದಾಗ, “ಏನೂ ಕಮ್ಮಿ ಆಗಿಲ್ಲೋ ತಮ್ಮಾ, ರಾತ್ರಿ ಕೆಮ್ಮಿದ್ರ ಯಾರದು ಅಂತ ಕೇಳವ್ರು ಇಲ್ಲ” ಎಂಬಂಥ ಉತ್ತರವು ಇಲ್ಲಿಯ ನುಡಿಯಲ್ಲಿಯೇ ಬರಬೇಕು, ಮೊದಲು ನಕ್ಕವರು ಆಮೇಲೆ ನಗು ನುಂಗುವಂತಾಗುವುದು ಆ ನುಡಿಯಿಂದಲೇ.

ಮುದುಕಿಯ ಪಾತ್ರಕ್ಕೆ ನಟಿಯ ಚಿಂತೆಯಿಲ್ಲ. ಮೂವತ್ತು ವರುಷ ನಾಯಕಿಯಾಗಿ ಕುಣಿದು, ಈಚೆಗೆ ತಾಯಿಯ ಪಾತ್ರಕ್ಕೆ ಇಳಿದಿರುವ ವೃತ್ತಿನಟಿಯರು ಕರೆದರೆ ಸಂತೋಷದಿಂದ ಬಂದಾರು. ತೊಡಕೆಲ್ಲ ಮುದುಕನದು. ಹಳ್ಳಿಯ ನಾಟಕದಲ್ಲಿ ಪಾತ್ರಧಾರಿಗಳೇ ಖರ್ಚಿನ ಪಟ್ಟಿ ಹಾಕಿಕೊಳ್ಳುವ ರೂಢಿ. ಹೆಚ್ಚು ಕೊಟ್ಟವನಿಗೆ ಹೀರೋ, ಕಂಠವುಳ್ಳವನಿಗೆ ಖಳ. ಇಪ್ಪತ್ತರ ಹುಡುಗನಿಗೆ ಬಿಳಿ ಬಣ್ಣ ಬಳಿದು ಕೋಲು ಕೊಟ್ಟರೆ ಜನರು ‘ಮುದುಕನ ಮದುವೆ’ಗೇ ಹಿಂದಿರುಗುವರು. ಆದಕಾರಣ ಊರಲ್ಲಿಯೇ, ಹಿಂದೊಮ್ಮೆ ಬಣ್ಣ ಹಚ್ಚಿ ಅನುಭವವಿದ್ದ, ನಿಜವಾಗಿಯೇ ವಯಸ್ಸಾದ ಹಿರಿಯನೊಬ್ಬನು ಬೇಕು. ಅವನು ಪಟ್ಟಿಯ ಹಣವನ್ನು ಮಗನ ಕೈಯಿಂದಲೇ ಕೇಳಿ ಪಡೆಯಬೇಕು. ಹಾಗೂ ಜಾತ್ರೆಯ ರಾತ್ರಿ, ಮುಂದಿನ ಸಾಲಿನಲ್ಲಿ ಸೊಸೆಯರೂ ಬೀಗರೂ ಕುಳಿತಿರುವಾಗ, ಮೈಕಿನ ಕೆಳಗೆ ನಿಂತು ಪರಸ್ತ್ರೀಯೊಬ್ಬಳ ಹೆಸರು ಹಿಡಿದು ಕರೆಯಬೇಕು. ತಾಲೀಮಿಗೆ ಇಂಥವನೊಬ್ಬನು ಒಪ್ಪಿ ಬಂದ ದಿನ ನಾಟಕದ ಅರ್ಧ ಕೆಲಸ ಆದಂತೆ. ಉಳಿದರ್ಧವನ್ನು ಪೇಟಿ ಮಾಸ್ತರನು ನೋಡಿಕೊಳ್ಳುವನು.